ಮೇಷ್ಟ್ರ ಬಹಮನಿ ನಾಣ್ಯಗಳು

"ಅದನ್ನ ಕೆಳಗಿಡಿ!"

ಮಳವಳ್ಳಿಯ ಪುಟ್ಟಸ್ವಾಮಿಯ ಗುಜರಿ ಅಂಗಡಿ ಬಾಗಿಲಲ್ಲಿ ನಿಂತು ವನಜಾ ಕೂಗಿದಳು. ಓಡಿ ಬಂದಿದ್ದರಿಂದ ಅವಳಿಗೆ ಏದುಸಿರು ಬರುತ್ತಿತ್ತು.

ತಕ್ಕಡಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಒಬ್ಬ ಯುವಕ ಬೆಚ್ಚಿ ತಲೆಯೆತ್ತಿದ. ಅವನ ಅಂಗೈಯಲ್ಲಿ ಹಸಿರು ಕಿಲುಬು ಹಿಡಿದ ಒಂದು ತಾಮ್ರದ ನಾಣ್ಯವಿತ್ತು. ಪಕ್ಕದಲ್ಲಿ ಅವಳ ಅಪ್ಪನ ಬಿಸ್ಕತ್ತಿನ ಡಬ್ಬಿ ಬಾಯಿ ತೆರೆದುಕೊಂಡು ಬಿದ್ದಿತ್ತು.

"ಮೇಡಂ, ಇದನ್ನ ನಾನು ಆಗ್ಲೇ ತಗೊಂಡಾಯ್ತು..."

"ಮಾರೋಕೆ ಅದು ಅವರದ್ದಲ್ಲ. ನಮ್ಮಪ್ಪಂದು!"

ಪುಟ್ಟಸ್ವಾಮಿಗೆ ಸಿಟ್ಟು ಬಂತು. "ಏನವ್ವ ಇಂಗಂತೀಯ? ನಿಮ್ಮವ್ವನೇ ಬೆಳಿಗ್ಗೆ ನೀರ್ಕಾಯಿಸೋ ಅಂಡೆ ಜೊತೇಲಿ ತಂದು ಕೊಟ್ಟೋದ್ಲು. ನಾನೇನ್ ಕದ್ಕೊಂಡ್ ಬಂದಿದ್ನಾ?"

ವನಜಾಳಿಗೆ ಆ ಮಾತು ಕೇಳಿಸಲೇ ಇಲ್ಲ. ಅವಳ ಕಣ್ಣು ನೆಲದ ಮೇಲಿತ್ತು. ಒಂದೊಂದು ನಾಣ್ಯಕ್ಕೂ ಅಪ್ಪ ಸುತ್ತಿಟ್ಟಿದ್ದ ಚೀಟಿಗಳು... ಹಳೆಯ ಉತ್ತರ ಪತ್ರಿಕೆಗಳ ಖಾಲಿ ಬದಿಯನ್ನು ಹರಿದು ಮಾಡಿದ ಚೀಟಿಗಳು... ಎಲ್ಲವನ್ನೂ ಬಿಚ್ಚಿ ಎಸೆದಿದ್ದರು. ಫ್ಯಾನಿನ ಗಾಳಿಗೆ ಅವು ಅಂಗಡಿ ತುಂಬ ಹಾರಾಡುತ್ತಿದ್ದವು.

ಅವಳು ಮಂಡಿಯೂರಿ ಒಂದೊಂದನ್ನೇ ಹೆಕ್ಕತೊಡಗಿದಳು. ಅಪ್ಪನ ದುಂಡು ಅಕ್ಷರ ಕಂಡು ಕಣ್ಣು ಮಂಜಾಯಿತು.

ಆ ಯುವಕನೂ ಒಂದು ಚೀಟಿ ಎತ್ತಿಕೊಂಡ. ಓದಿದ. ಇನ್ನೊಮ್ಮೆ ಓದಿದ.

"ಇದನ್ನ ಬರೆದವ್ರು ಯಾರು ಮೇಡಂ? ಬಹಮನಿ ನಾಣ್ಯನ ಇಷ್ಟು ಚೆನ್ನಾಗಿ ಓದೋರು ನಮ್ಮ ಕಡೆ ಇದಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ನಾನು ಅವರನ್ನ ನೋಡ್ಬೇಕು."

"ನೋಡೋಕಾಗಲ್ಲ," ಎಂದಳು ವನಜಾ. "ಅವರು ಹೋಗಿ ಇವತ್ತಿಗೆ ಹದಿನೇಳು ದಿನ."

ಅವನ ಮುಖ ಕಳೆಗುಂದಿತು. ಕೈಯಲ್ಲಿದ್ದ ನಾಣ್ಯವನ್ನು ಮೆಲ್ಲಗೆ ಡಬ್ಬಿಗೆ ಹಾಕಿದ. ಫ್ಯಾನ್ ಆರಿಸಿ ಬಂದು ಅವಳ ಜೊತೆ ಚೀಟಿ ಆರಿಸಲು ಕೂತ. ತಕ್ಕಡಿಯ ಕೆಳಗೆ ಸಿಕ್ಕಿಕೊಂಡಿದ್ದ ಒಂದನ್ನು ಉಗುರಿನಿಂದ ಬಿಡಿಸಿ, ಊದಿ, ಅವಳ ಕೈಗಿಟ್ಟ.

ಅವನ ಹೆಸರು ಯತೀಶ್. ಬಸರಾಳಿನವನು. ಭಾರತೀನಗರದ ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಮಿಸ್ಟ್. ಹಳೆಯ ನಾಣ್ಯಗಳ ಹುಚ್ಚಿನಿಂದ ಗುಜರಿ ಅಂಗಡಿಗಳನ್ನೆಲ್ಲ ಸುತ್ತುವವನು.

ಡಬ್ಬಿಯನ್ನು ಅವನು ಅವಳಿಗೇ ಬಿಟ್ಟುಕೊಟ್ಟ. ಆದರೆ ಆಗಬಾರದ್ದು ಆಗಿಹೋಗಿತ್ತು. ಇನ್ನೂರ ಹದಿನಾಲ್ಕು ನಾಣ್ಯಗಳು ಒಂದು ಕಡೆ, ಇನ್ನೂರ ಹದಿನಾಲ್ಕು ಚೀಟಿಗಳು ಇನ್ನೊಂದು ಕಡೆ. ಯಾವ ಚೀಟಿ ಯಾವ ನಾಣ್ಯದ್ದು ಎಂದು ಹೇಳಬಲ್ಲವರು ಮಣ್ಣಿನೊಳಗಿದ್ದರು.

ಮನೆಯಲ್ಲಿ ಅವ್ವ ಮರಿತಾಯಮ್ಮ ಗೋಡೆಗೊರಗಿ ಕೂತಿದ್ದಳು.

"ಯಾಕವ್ವ ಕೊಟ್ಟೆ?"

"ಇಪ್ಪತ್ತೆಂಟು ವರ್ಸ ನಿಮ್ಮಪ್ಪ ಅದ್ರ ಮುಂದೇನೇ ಕುಂತಿರೋನು ಕಣವ್ವ. ನನ್ನ ಜೊತೇಲಿ ಅಷ್ಟೊತ್ತು ಕುಂತೋನಲ್ಲ. ಈಗ ಅವ್ನೇ ಇಲ್ಲ... ಆ ಡಬ್ಬಿ ಮಾತ್ರ ಕುಂತೈತೆ. ನೋಡ್ನಾರ್ದೆ ಕೊಟ್ಬುಟ್ಟೆ."

ವನಜಾ ಬೈಯಲು ಬಂದಿದ್ದಳು. ಬೈಯಲಾಗಲಿಲ್ಲ.

ಅಪ್ಪ ಮರಿಸಿದ್ದಯ್ಯ ಮೇಷ್ಟ್ರಾಗಿ ಮೊದಲು ಸೇರಿದ್ದು ಕಲಬುರಗಿಯಲ್ಲಿ. ಅಲ್ಲಿ ಹನ್ನೊಂದು ವರ್ಷ. ಅದೇ ಶಾಲೆಯ ಉರ್ದು ಮೇಷ್ಟ್ರೊಬ್ಬರು ಅವರಿಗೆ ಅರಬ್ಬಿ ಅಕ್ಷರ ಓದಲು ಕಲಿಸಿದರಂತೆ. ಪಾತ್ರೆ ಅಂಗಡಿಗಳಲ್ಲಿ ಕರಗಿಸಲು ಬಿದ್ದಿರುತ್ತಿದ್ದ ಸುಲ್ತಾನರ ಕಾಲದ ತಾಮ್ರದ ಕಾಸುಗಳನ್ನು ಆರಿಸಿ ತಂದು, ಭೂತಗನ್ನಡಿ ಹಿಡಿದು ಓದುತ್ತಿದ್ದರು. ಚಿನ್ನವಲ್ಲ, ಬೆಳ್ಳಿಯಲ್ಲ. ಸಂತೆಯಲ್ಲಿ ಸೊಪ್ಪು ಕೊಳ್ಳುತ್ತಿದ್ದವರ ಕಾಸು. ಅದೇ ಅವರಿಗೆ ಇಷ್ಟ.

ಮುಂದಿನ ಭಾನುವಾರ ಯತೀಶ್ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲೊಂದು ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ.

"ನಿಮ್ಮಪ್ಪ ಪ್ರತಿ ಚೀಟೀಲೂ ತೂಕ ಬರೆದಿದಾರೆ ಮೇಡಂ. ತೂಕದಿಂದ ಅರ್ಧ ಜೋಡಿಸ್ಬೋದು. ಮಿಕ್ಕಿದ್ದನ್ನ ಅಕ್ಷರ ನೋಡಿ... ನಿಮಗೆ ಒಪ್ಪಿಗೆ ಇದ್ರೆ."

ಮರಿತಾಯಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. ಬಸರಾಳು, ಗೌಡರ ಮನೆ ಎಂದು ಆಗಲೇ ಅವಳ ಕಿವಿಗೆ ಬಿದ್ದಿತ್ತು. "ಬನ್ನಿ ಬುದ್ಧಿ, ಒಳೀಕೆ ಬನ್ನಿ..."

ವನಜಾಳ ಎದೆ ಚುಳ್ಳೆಂದಿತು. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವ ಮಗಳ ಮನೆಯಲ್ಲಿ, ಬುದ್ಧನ ಪಟದ ಕೆಳಗೆ ನಿಂತು, ಅವ್ವನ ಬಾಯಿಂದ ಇನ್ನೂ ಒಡೆಯರನ್ನು ಕರೆಯುವ ಆ ಮಾತು!

"ಹಂಗನ್ಬೇಡಿ ಅವ್ವ," ಎಂದ ಯತೀಶ್ ಮುಜುಗರದಿಂದ. "ಹೆಸರಿಡಿದು ಕರೀರಿ. ಇಲ್ಲಾಂದ್ರೆ ಇಲ್ಲೇ ಹೊರಗೇ ನಿಂತಿರ್ತೀನಿ."

ವನಜಾ ಅವನನ್ನು ಸರಿಯಾಗಿ ನೋಡಿದ್ದು ಆಗಲೇ.

ಹೀಗೆ ಭಾನುವಾರಗಳು ಶುರುವಾದವು.

ಅವನು ತೂಗುವನು. ಅವಳು ಚೀಟಿ ಹುಡುಕುವಳು. ನಾಣ್ಯ ಒತ್ತುವ ಅಚ್ಚು ದೊಡ್ಡದು, ತಾಮ್ರದ ಬಿಲ್ಲೆ ಚಿಕ್ಕದು. ಹಾಗಾಗಿ ಎಷ್ಟೋ ನಾಣ್ಯಗಳಲ್ಲಿ ಸುಲ್ತಾನನ ಅರ್ಧ ಹೆಸರು ಮಾತ್ರ ಮೂಡಿರುತ್ತಿತ್ತು. ನಾಲ್ಕೈದನ್ನು ಪಕ್ಕಪಕ್ಕ ಇಟ್ಟರೆ ಮಾತ್ರ ಪೂರ್ತಿ ಹೆಸರು.

"ಇಲ್ನೋಡಿ! ಹುಮಾಯೂನ್ ಶಾ ಬಿನ್ ಅಹ್ಮದ್ ಶಾ. ಕೆಳಗೆ ಮೇಷ್ಟ್ರು ಬರೆದಿದಾರೆ, ‘ಬಿನ್ ಎಂದರೆ ಮಗ; ನಮ್ಮ ಪಹಣಿಯಲ್ಲಿರುವ ಬಿನ್ ಇದೇ’ ಅಂತ!" ಯತೀಶ್ ಮಗುವಿನಂತೆ ಹಿಗ್ಗಿದ. "ಅಯ್ಯೋ, ನಮ್ಮ ಪಹಣೀಲೂ ಹಂಗೇ ಇರೋದು. ಮಾದಯ್ಯ ಬಿನ್ ಚಿಕ್ಕಬೋರಯ್ಯ!"

"ನಮಗೆ ಜಮೀನಿಲ್ಲ," ಎಂದಳು ವನಜಾ ಸಹಜವಾಗಿ. "ಹಾಗಾಗಿ ಆ ಪದ ನಾನು ಮೊದಲು ನೋಡಿದ್ದು ಅಪ್ಪನ ಚೀಟೀಲೇ."

ಅವನ ನಗು ನಿಂತಿತು. ತುಂಬ ಹೊತ್ತು ತಲೆ ತಗ್ಗಿಸಿಯೇ ತೂಗುತ್ತಿದ್ದ. ಆ ತಗ್ಗಿದ ತಲೆಯನ್ನು ನೋಡುತ್ತ ವನಜಾಳ ಮನಸ್ಸು ಏಕೋ ಮೆತ್ತಗಾಯಿತು.

ಚೀಟಿಗಳಲ್ಲಿ ಬರೀ ತೂಕವಿರಲಿಲ್ಲ. ಅಪ್ಪ ತಮ್ಮ ದಿನಗಳನ್ನೂ ಅಲ್ಲಿ ಬರೆದಿಟ್ಟಿದ್ದರು. ಒಂದು ಭಾನುವಾರ ವನಜಾ ಗಟ್ಟಿಯಾಗಿ ಓದಿದಳು.

"ಒಂಬತ್ತು ಗ್ರಾಂ. ಎರಡೂ ಬದಿ ಸವೆದಿದೆ. ಮರಿತಾಯಿ ಹೆರಿಗೆಗೆ ಊರಿಗೆ ಹೋಗಿ ಇಪ್ಪತ್ತು ದಿನ. ಮನೆಯಲ್ಲಿ ಕೂರಲಾಗದೆ ಬಜಾರಿಗೆ ಹೋದೆ. ಇದು ಸಿಕ್ಕಿತು."

ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದ ಮರಿತಾಯಮ್ಮನ ಕೋಲು ನಿಂತಿತು.

"ಇನ್ನೊಂದ್ಸಲ ಓದವ್ವ."

ಓದಿದಳು.

"ಒಂದ್ ಮಾತು ಬಾಯ್ಬುಟ್ಟು ಏಳ್ಲಿಲ್ವಲ್ಲ ಕಣವ್ವ ಈ ಮನ್ಸ..." ಮರಿತಾಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಬರೀ ಕಾಗ್ದುಕ್ಕೆ ಏಳ್ಕೊಂಡವ್ನೆ!"

ಅವತ್ತು ಯತೀಶ್ ಊಟಕ್ಕೆ ಕೂತಾಗ ಮರಿತಾಯಮ್ಮ ಮೊದಲ ಸಲ ಅವನನ್ನು "ಮಗ" ಎಂದು ಕರೆದಳು. "ಉಣ್ಣು ಮಗ, ಬಂಡೂರು ಕುರಿಮರಿ ಸಾರು. ಇನ್ನೊಂದ್ ಮುದ್ದೆ ಮುರಿ."

ಅವನು ಹೊರಟಾಗ ವನಜಾ ಬಾಗಿಲವರೆಗೂ ಹೋದಳು. ಬೈಕ್ ಏರುವ ಮುನ್ನ ಅವನು ತಿರುಗಿದ.

"ಈ ಚೀಟಿಗಳು ಮುಗಿದುಹೋದ್ರೆ... ಆಮೇಲೂ ಭಾನುವಾರ ಬರಬೋದಾ ವನಜಾ ಅವ್ರೇ?"

ಅವಳ ಮುಖ ನೋಡಿ ಅವನು ನಗುತ್ತಲೇ ಹೋದ.

ಒಂದು ವರ್ಷ ಹೀಗೇ ಕಳೆಯಿತು. ನೂರ ತೊಂಬತ್ತೈದು ನಾಣ್ಯಗಳು ತಮ್ಮ ಚೀಟಿಗಳನ್ನು ಸೇರಿಕೊಂಡವು.

ಆಗ ಮಂಡ್ಯದಲ್ಲಿ ಎರಡು ದಿನದ ನಾಣ್ಯ ಪ್ರದರ್ಶನ ಎಂದು ಯತೀಶ್ ಸುದ್ದಿ ತಂದ. ಮೇಷ್ಟ್ರ ನಾಣ್ಯಗಳನ್ನು ಇಡೋಣ ಎಂದ. ಫಲಕದಲ್ಲಿ ಏನು ಬರೆಯಬೇಕೆಂದು ವನಜಾಳ ಎದುರೇ ಬರೆದುಕೊಂಡ. ‘ಸಂಗ್ರಹ ಮತ್ತು ಓದು: ಮರಿಸಿದ್ದಯ್ಯ, ನಿವೃತ್ತ ಮುಖ್ಯ ಶಿಕ್ಷಕರು, ಮಳವಳ್ಳಿ.’

ಮರಿತಾಯಮ್ಮ ಅಂದು ಗಂಡ ಕೊಡಿಸಿದ್ದ ಜರಿಯಂಚಿನ ಸೀರೆ ಉಟ್ಟಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಮಾತು. "ದೊಡ್ಡ್ ದೊಡ್ಡೋರೆಲ್ಲ ಬತ್ತಾರೇನವ್ವ? ನಿಮ್ಮಪ್ಪನ ಎಸ್ರು ಓದ್ತಾರಾ?"

"ಓದ್ತಾರೆ ಅವ್ವ. ಎಲ್ಲರೂ ಓದ್ತಾರೆ."

ಸಭಾಂಗಣದ ಮೂಲೆಯ ಮೇಜಿನಲ್ಲಿ, ಗಾಜಿನ ಕೆಳಗೆ, ಅಪ್ಪನ ನಾಣ್ಯಗಳು ಸಾಲಾಗಿ ಕೂತಿದ್ದವು. ವನಜಾ ಹೆಮ್ಮೆಯಿಂದ ಒಂದೊಂದನ್ನೇ ನೋಡಿದಳು. ಕಣ್ಣು ಮೇಲೆತ್ತಿ ಫಲಕ ಓದಿದಳು.

‘ಸಂಗ್ರಹ ಮತ್ತು ಓದು: ಯತೀಶ್, ಬಸರಾಳು.’

ಮತ್ತೆ ಓದಿದಳು. ಇಲ್ಲ... ತಪ್ಪು ಓದುತ್ತಿಲ್ಲ.

"ನಿಮ್ಮಪ್ಪನ ಎಸ್ರು ಎಲ್ಲೈತವ್ವ? ತೋರ್ಸು," ಎಂದಳು ಓದು ಬಾರದ ಮರಿತಾಯಮ್ಮ, ಮಗಳ ತೋಳು ಹಿಡಿದು.

ವನಜಾಳ ಕೈ ತಾನಾಗಿಯೇ ಎದ್ದಿತು. ಬೆರಳು ಆ ಫಲಕದ ಮೇಲೆ ನಿಂತಿತು.

"ಇಲ್ಲೇ... ಇಲ್ಲೇ ಐತೆ ಅವ್ವ."

ಮರಿತಾಯಮ್ಮ ಹತ್ತಿರ ಹೋದಳು. ಒರಟು ಬೆರಳಿನಿಂದ ಆ ಅಕ್ಷರಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸವರಿದಳು. ಬೆರಳನ್ನು ಕಣ್ಣಿಗೊತ್ತಿಕೊಂಡಳು.

ಸಭಾಂಗಣದ ಆ ಬದಿಯಲ್ಲಿ ಯತೀಶ್ ನಿಂತಿದ್ದ. ಅವನ ಸುತ್ತ ಬಿಳಿ ಪಂಚೆಯ ನಾಲ್ಕೈದು ಜನ, ರೇಷ್ಮೆ ಸೀರೆಯ ಇಬ್ಬರು ಹೆಂಗಸರು. ಅವನು ಎಲ್ಲವನ್ನೂ ನೋಡಿದ. ಮುಖ ಬಿಳುಚಿಕೊಂಡಿತು.

‘ಬನ್ನಿ... ಒಂದು ಹೆಜ್ಜೆ ಈ ಕಡೆ ಇಡಿ ಸಾಕು...’ ವನಜಾಳ ಮನಸ್ಸು ಕೂಗಿಕೊಂಡಿತು.

ಅವನು ಮುಖ ತಿರುಗಿಸಿದ.

ಎರಡು ದಿನದ ನಂತರ ಡಬ್ಬಿ ಹಿಡಿದು ಅವಳ ಶಾಲೆಗೇ ಬಂದ. ಬೇವಿನ ಮರದ ಕೆಳಗೆ ಇಬ್ಬರೂ ಎದುರುಬದುರು ನಿಂತರು.

"ವನಜಾ ಅವ್ರೇ, ನಾನು..."

"ಒಂದೇ ಪ್ರಶ್ನೆ. ಹೆಸರಿಗೋಸ್ಕರ ಮಾಡಿದ್ರಾ?"

ಏನೋ ಹೇಳಲು ಹೋದ. ನುಂಗಿಕೊಂಡ.

"...ಹೂಂ."

"ನಮ್ಮವ್ವ ನಿಮ್ಮನ್ನ ಮಗ ಅಂದಿದ್ಲು! ನಿಮ್ಮ ಹೆಸರನ್ನ ಕಣ್ಣಿಗೊತ್ಕೊಂಡ್ಲು ಅವಳು... ಗಂಡನ ಹೆಸರು ಅಂತ!" ವನಜಾಳ ದನಿ ಒಡೆಯಿತು. "ಇನ್ಮೇಲೆ ನಮ್ಮನೆ ಕಡೆ ಬರಬೇಡಿ."

ಅವನು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಹೊರಟುಹೋದ.

ವನಜಾ ಡಬ್ಬಿಯನ್ನು ಬೀರುವಿನೊಳಗಿಟ್ಟು ಬೀಗ ಹಾಕಿದಳು. ಉಳಿದ ಹತ್ತೊಂಬತ್ತು ಚೀಟಿಗಳು ಹಾಗೇ ಉಳಿದವು. ಭಾನುವಾರ ಬಂದರೆ ರಾಶಿ ಬಟ್ಟೆ ಒಗೆಯುವಳು, ಮನೆಯೆಲ್ಲ ತೊಳೆಯುವಳು. ಬೈಕಿನ ಸದ್ದಾದರೆ ಕೈ ನಿಲ್ಲುತ್ತಿತ್ತು. ಆಮೇಲೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು. ಎರಡು ವರ್ಷ ಅವನ ಹೆಸರನ್ನು ಅವಳು ಬಾಯಲ್ಲಿ ಆಡಲಿಲ್ಲ.

ಮೂರನೆಯ ವರ್ಷ ಮರಿತಾಯಮ್ಮನ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಮೂರು ದಿನ ಮಂಡ್ಯದ ಆಸ್ಪತ್ರೆ. ಕೊನೆಗೆ ಅಲ್ಲೇ ಮಲಗಿಸಿಕೊಂಡರು.

ಒಂದು ಮಧ್ಯಾಹ್ನ ಅವ್ವ ಮಗಳ ಕೈ ಹಿಡಿದಳು. ಆ ಕೈ ಊದಿಕೊಂಡು ತಣ್ಣಗಿತ್ತು.

"ವನಜೀ... ಅವತ್ತು ಕಾಸು ಇಟ್ಟಿದ್ರಲ್ಲ, ಆ ಅಲಗೆ ಮ್ಯಾಲೆ ನಿಮ್ಮಪ್ಪನ ಎಸ್ರು ಇರ್ಲಿಲ್ಲ. ನಂಗೊತ್ತಿತ್ತು ಕಣವ್ವ."

"ಅವ್ವ...?"

"ಓದಕ್ ಬರ್ದಿದ್ರೇನು? ನಿಮ್ಮಪ್ಪ ಸೈನ್ ಆಕೋದ್ನ ಎಷ್ಟ್ ವರ್ಸ ನೋಡಿಲ್ಲ ನಾನು! ಅವ್ನ ಎಸ್ರು ಉದ್ದ. ಅಲ್ಲಿದ್ದುದ್ದು ಗಿಡ್ಡ."

"ಮತ್ತೆ... ಕಣ್ಣಿಗೊತ್ತಿಕೊಂಡೆಯಲ್ಲವ್ವ!"

"ನೀನು ಅಷ್ಟು ಸಂಕ್ಟ ಪಟ್ಕೊಂಡು ನಂಗೆ ಸುಳ್ಳೇಳ್ದೆ. ನಾನ್ಯಾಕವ್ವ ಅದ್ನ ಒಡೀಲಿ?"

ವನಜಾ ಅವ್ವನ ಅಂಗೈಯಲ್ಲಿ ಮುಖ ಹುದುಗಿಸಿ ಬಿಕ್ಕಿದಳು.

"ಅಳ್ಬ್ಯಾಡ, ಕೇಳು. ಇನ್ನೊಂದೈತೆ. ಅದಾಗಿ ಒಂದ್ವಾರಕ್ಕೆ ಆ ಉಡ್ಗ ಬಂದಿದ್ದ. ನೀನು ಇಸ್ಕೂಲ್ಗೋಗಿದ್ದೆ. ನನ್ನ ಕಾಲಿಡ್ಕೊಂಡು ಅತ್ತ."

"ಯತೀಶಾ?"

"ಊಂ. ನಿಮ್ಮಪ್ಪನ ಎಸ್ರೇ ಆಕಿದ್ನಂತೆ. ಅವ್ರಪ್ಪ ಮಾದಯ್ಯ ಇವ್ನಿಗೆ ನೋಡಿದ್ದ ಎಣ್ಣಿನ ಕಡೆಯೋರ್ನ ಕರ್ಕೊಂಡು ಒಕ್ಕುದ್ನಂತೆ. ‘ಯಾರ್ಲಾ ಇವ್ನು ಮರಿಸಿದ್ದಯ್ಯ? ಯಾವ ಕೇರಿಯೋನು?’ ಅಂದ್ನಂತೆ. ಇವ್ನಿಗೆ ಬಾಯಿ ಬರ್ಲಿಲ್ಲ. ಅವ್ರು ಓಗೋಗಂಟ ಅಂತ ತನ್ನೆಸ್ರು ಬರ್ದು ಅಲಗೆ ಬದ್ಲಾಯಿಸ್ದ. ಅಷ್ಟೊತ್ಗೆ ನಾವು ಒಳೀಕ್ ಬಂದೋ."

ವನಜಾಳ ಕಣ್ಣೀರು ನಿಂತೇಹೋಯಿತು. ಹೆಸರಿನ ಆಸೆಯಲ್ಲ. ಅದಕ್ಕಿಂತ ಹತ್ತಿರದ, ಅದಕ್ಕಿಂತ ಹಳೆಯ ಗಾಯ.

"ನಾನಂದೆ, ‘ನನ್ನ ಕಾಲಿಡ್ಕೊಂಡ್ರೆ ಏನ್ ಬಂತು ಮಗ? ನಿಮ್ಮಪ್ಪನ ಮುಂದೆ ನಿಂತ್ಕೊಂಡು ಏಳು’ ಅಂತ. ಏಳ್ದ. ಆ ಮೇಷ್ಟ್ರ ಮಗಳನ್ನೇ ಮದ್ವೆ ಆಗೋದು ಅಂದ್ನಂತೆ. ಅವತ್ತೇ ಮನೆಯಿಂದ ಆಚೀಕಾಕುದ್ರು. ಭಾರತೀನಗರದಲ್ಲಿ ರೂಮ್ ಮಾಡ್ಕೊಂಡವ್ನೆ."

"ಎರಡು ವರ್ಷ! ಯಾಕವ್ವ ನಂಗೆ ಹೇಳಲಿಲ್ಲ?"

ಮರಿತಾಯಮ್ಮ ಕಣ್ಣು ಮುಚ್ಚಿದಳು. ಸಂದಿಯಿಂದ ನೀರು ಕಿವಿಯತ್ತ ಹರಿಯಿತು.

"ಭಯ ಕಣವ್ವ. ಆ ಮನೇರು ನಿನ್ನ ಬಾಗ್ಲಾಚೆ ನಿಲ್ಸಿದ್ರೆ? ನಿಮ್ಮಪ್ಪ ನಿನ್ನ ಅದಕ್ಕಾ ಓದ್ಸಿದ್ದು? ನೀನೇ ಅವ್ನ ಮಾತೆತ್ತಿದ್ರೆ ಏಳಾನ ಅಂತ ಕಾದೆ. ನೀನು ಎತ್ಲಿಲ್ಲ. ನಾನೂ ಬಾಯ್ ಬುಡ್ಲಿಲ್ಲ. ತಪ್ಪಾಯ್ತು... ನಾನ್ ಸತ್ತೋದ್ರೆ ನೀನು ಒಂಟಿಯಾಗೋಯ್ತೀಯಲ್ಲವ್ವ..."

ನಾಲ್ಕನೆಯ ದಿನ ಬೆಳಿಗ್ಗೆ ಮರಿತಾಯಮ್ಮ ಹೋದಳು.

ಮಳವಳ್ಳಿಯ ಸ್ಮಶಾನದಲ್ಲಿ, ಜನರ ಹಿಂದೆ, ಯತೀಶ್ ನಿಂತಿದ್ದ. ಯಾರಿಂದ ತಿಳಿಯಿತೋ! ಅವನು ಮುಂದೆ ಬಂದು, ಬಗ್ಗಿ, ಮೂರು ಹಿಡಿ ಮಣ್ಣು ಹಾಕಿದ. ತಲೆಯಲ್ಲಿ ಅಲ್ಲಲ್ಲಿ ನರೆ ಇಣುಕುತ್ತಿತ್ತು. ವನಜಾಳ ಕಡೆ ಒಮ್ಮೆ ನೋಡಿದ. ಬರಬೇಡಿ ಎಂದವಳು ಅವಳು... ಆ ಮಾತು ಇನ್ನೂ ಹಾಗೇ ಇತ್ತು. ಕೈಯ ಮಣ್ಣು ಒರೆಸಿಕೊಳ್ಳದೆ ಹೊರಟುಹೋದ.

ಒಂದು ತಿಂಗಳು ವನಜಾ ತನ್ನೊಂದಿಗೇ ಜಗಳವಾಡಿದಳು. ‘ಅವನು ಹೆದರಿದ. ನಾಳೆ ಮತ್ತೆ ಹೆದರಿದರೆ?’ ಎಂದು ಒಂದು ಮನಸ್ಸು. ‘ಹೆದರಿದವನೇ ಅಪ್ಪನ ಮುಂದೆ ಹೋಗಿ ನಿಂತನಲ್ಲ!’ ಎಂದು ಇನ್ನೊಂದು. ಒಂದು ಶನಿವಾರ ಶಾಲೆ ಬಿಟ್ಟವಳು ಮನೆಗೆ ಹೋಗದೆ ಭಾರತೀನಗರದ ಬಸ್ಸು ಹತ್ತಿದಳು.

ಕಾರ್ಖಾನೆಯ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಗಾಳಿಯಲ್ಲಿ ಕಾಕಂಬಿಯ ವಾಸನೆ. ಎದುರಿನ ಬಸ್ ಸ್ಟಾಪಿನ ಸಿಮೆಂಟು ಬೆಂಚಿನ ಮೇಲೆ ಅವಳು ಕೂತು ಕಾದಳು. ಎರಡು ಗಂಟೆಗೆ ಪಾಳಿ ಬಿಟ್ಟಿತು.

ಯತೀಶ್ ಅವಳನ್ನು ಕಂಡು ರಸ್ತೆಯ ಮಧ್ಯದಲ್ಲೇ ನಿಂತುಬಿಟ್ಟ. ಟ್ರ್ಯಾಕ್ಟರಿನವನು ಹಾರನ್ ಹೊಡೆದ ಮೇಲೆ ದಾಟಿ ಬಂದ.

"ಕೂತ್ಕೊಳ್ಳಿ," ಎಂದಳು ವನಜಾ.

ಅವನು ಬೆಂಚಿನ ಆ ತುದಿಯಲ್ಲಿ ಕೂತ.

"ಅವ್ವ ಎಲ್ಲಾ ಹೇಳಿದ್ಲು. ಹೆಸರಿಗೋಸ್ಕರನಾ ಅಂತ ಕೇಳ್ದಾಗ ಹೂಂ ಅಂದ್ರಲ್ಲ... ಯಾಕೆ?"

"ನಿಜ ಹೇಳಿದ್ರೆ, ನಿಮ್ಮ ಜಾತಿಗೆ ನಾಚ್ಕೊಂಡೆ ಅಂತ ನಿಮ್ಮ ಮುಖಕ್ಕೇ ಹೇಳಿದಂಗೆ ಆಗ್ತಿತ್ತು." ಅವನು ತನ್ನ ಕೈಗಳನ್ನೇ ನೋಡುತ್ತಿದ್ದ. "ಕಳ್ಳ ಅನ್ನಿಸ್ಕೊಳ್ಳೋದೇ ವಾಸಿ ಅನ್ನಿಸ್ತು. ಹೇಡಿ ನಾನು."

"ಹೌದು. ಹೇಡಿತನವೇ ಅದು." ವನಜಾ ಮಾತು ತೇಲಿಸಲಿಲ್ಲ. "ಅದನ್ನ ನಾನು ಮರೆಯಲ್ಲ ಯತೀಶ್."

"ಮರೀಬೇಡಿ. ನಾನೂ ಮರ್ತಿಲ್ಲ."

ಒಂದು ಲಾರಿ ಧೂಳೆಬ್ಬಿಸಿ ಹೋಯಿತು.

"ಮನೆಯವರು ಮಾತಾಡ್ತಾರಾ?"

"ಅವ್ವ ಹೊಂಬಾಳಮ್ಮ ತಿಂಗಳಿಗೊಂದ್ಸಲ ಫೋನ್ ಮಾಡ್ತಾಳೆ, ಅಪ್ಪ ತೋಟಕ್ಕೆ ಹೋದಾಗ. ಊಟ ಆಯ್ತಾ ಅಂತಾಳೆ, ಅಳ್ತಾಳೆ, ಇಡ್ತಾಳೆ. ಅಪ್ಪ ಮಾತಾಡಲ್ಲ."

"ಮುಂದೆಯೂ ಮಾತಾಡದೇ ಇದ್ರೆ?"

"ಇಲ್ಲ ಅಂದ್ರೆ ಇಲ್ಲ." ಅವನು ಈ ಸಲ ಮುಖ ತಿರುಗಿಸಲಿಲ್ಲ. "ನೋವಿದೆ. ಸುಳ್ಳು ಹೇಳಲ್ಲ. ಆದ್ರೆ ಇನ್ಯಾರ ಮುಂದೆಯೂ ನಿಮ್ಮನ್ನ ಮುಚ್ಚಿಡಲ್ಲ. ನೀವು ಒಪ್ಪಿದ್ರೂ ಸರಿ... ಒಪ್ಪದಿದ್ರೂ ನಾನು ಹಿಂಗೇ."

ವನಜಾ ರಸ್ತೆಯ ಕಡೆ ತಿರುಗಿದಳು.

"ಎರಡು ವರ್ಷ ದ್ವೇಷ ಅಂದ್ಕೊಂಡಿದ್ದೆ," ಎಂದಳು. "ದ್ವೇಷ ಆಗಿದ್ರೆ ಬೈಕ್ ಸದ್ದಿಗೆಲ್ಲ ಯಾಕೆ ಬಾಗಿಲ ಕಡೆ ನೋಡ್ತಿದ್ದೆ? ಇಷ್ಟಪಟ್ಟಿದ್ದೆ ಯತೀಶ್. ತುಂಬಾ..."

"...ಈಗ?"

"ಈಗಲೂ."

ಅಷ್ಟು ಹೇಳುವಷ್ಟರಲ್ಲಿ, ತಿಂಗಳಿಂದ ತಡೆದಿಟ್ಟ ಅಳು ಉಕ್ಕಿ ಬಂತು. "ಮನೇಲಿ ಯಾರೂ ಇಲ್ಲ. ಸಂಜೆ ಬೀಗ ತೆಗೆಯೋಕೆ ಕೈ ಬರಲ್ಲ ನಂಗೆ. ಅವ್ವ ಒಳಗೆ ಕೆಮ್ಮಿದಂಗಾಗುತ್ತೆ... ಹೋಗಿ ನೋಡಿದ್ರೆ..."

ಯತೀಶ್ ಬೆಂಚಿನ ಆ ತುದಿಯಿಂದ ಈ ತುದಿಗೆ ಸರಿದು ಬಂದ. ನಾಲ್ಕು ಜನ ನೋಡುವ ಆ ಬಸ್ ಸ್ಟಾಪಿನಲ್ಲಿ, ಅವಳ ಕೈಯನ್ನು ತನ್ನೆರಡು ಕೈಗಳ ನಡುವೆ ಹಿಡಿದುಕೊಂಡ.

"ಅಳಬೇಡ ವನಜಾ..." ಎಂದವನೇ ಬೆಚ್ಚಿ ತಿದ್ದಿಕೊಂಡ. "ಕ್ಷಮ್ಸಿ... ಅಳಬೇಡಿ."

ವನಜಾ ಒದ್ದೆ ಮುಖ ಎತ್ತಿ ಅವನನ್ನು ನೋಡಿದಳು.

"ಹಂಗೇ ಇರ್ಲಿ."

"ಏನು?"

"ಅಳಬೇಡ ಅಂದ್ಯಲ್ಲ... ಹಂಗೇ ಇರ್ಲಿ."